ಕಹಿಯಾದದ್ದೆಲ್ಲ ಮದ್ದಲ್ಲ
ಹೋಟೆಲಿನ ಲೋಟಕ್ಕೆ ಬಂದಿರುವ ಗಿಡಮೂಲಿಕೆಗಳ ಬಗ್ಗೆ ನಾವು ತಿಳಿದಿರಬೇಕಾದದ್ದು

ಬೆಳಿಗ್ಗೆ ಆರೂವರೆಗೆ ನಮ್ಮ ಶಿವಾಜಿನಗರದ ಹೋಟೆಲುಗಳ ಶಟರ್ ಮೇಲೇಳುವಾಗ ಹೊರಗೆ ಕಾದು ನಿಂತಿರುವವರಲ್ಲಿ ಹೆಚ್ಚಿನವರು ಹನುಮಾನ್ ಟೇಕಡಿ ಹತ್ತಿ ಇಳಿದವರು. ಬೆವರು ಒರೆಸಿಕೊಳ್ಳುತ್ತಾ ಒಳಗೆ ಬಂದು ಕೂರುವ ಈ ಗಿರಾಕಿಗಳು ಹಿಂದೆ ಕೇಳುತ್ತಿದ್ದುದು ಎರಡು ಇಡ್ಲಿ, ಒಂದು ವಡೆ, ಕೊನೆಗೊಂದು ಫಿಲ್ಟರ್ ಕಾಫಿ. ಈಗ ಕೇಳುವುದೇ ಬೇರೆ. "ಅಣ್ಣಾ, ದುಧೀ ಜ್ಯೂಸ್ ಇದೆಯಾ? ಗುಳವೇಲ್ ಕಾಢಾ ಮಾಡುತ್ತೀರಾ? ಹಾಲಿಗೆ ಅಶ್ವಗಂಧ ಹಾಕಿ ಕೊಡುತ್ತೀರಾ?"

ಕೇಳಿದ ಗಿರಾಕಿಗೆ ಇಲ್ಲವೆನ್ನುವುದು ಹೋಟೆಲಿನವರ ಜಾಯಮಾನವಲ್ಲ. ಪಕ್ಕದ ಉದ್ಯಾನದ ಬಾಗಿಲಲ್ಲಿ ಕೈಗಾಡಿಯವನು ಹಸಿರು ಲೋಟ ತುಂಬಿಸಿ ಕೊಡುತ್ತಿರುವಾಗ ನಾವೇಕೆ ಬಿಡಬೇಕು ಎಂಬ ಯೋಚನೆಯೂ ಸಹಜವೇ. ಅದರ ಮೇಲೆ 2020ರ ಕೊರೊನಾ ನಂತರ 'ಇಮ್ಯೂನಿಟಿ' ಎಂಬ ಶಬ್ದ ಮನೆಮಾತಾಯಿತು. ಮಧ್ಯಾಹ್ನದ ಊಟದ ಗಡಿಬಿಡಿ ಮುಗಿದೊಡನೆ ಕೌಂಟರಿಗೆ ಬರುವ ಸೇಲ್ಸ್‌ಮನ್‌ಗಳ ಚೀಲದಲ್ಲಿ ಈಗ ಸಾಂಬಾರ್ ಪುಡಿಯ ಜೊತೆಗೆ ಗಿಡಮೂಲಿಕೆಯ ಪುಡಿಗಳೂ ಇರುತ್ತವೆ. "ಪೂರ್ತಿ ನ್ಯಾಚುರಲ್ ಸಾರ್, ಸೈಡ್ ಇಫೆಕ್ಟ್ ಇಲ್ಲವೇ ಇಲ್ಲ. ಒಂದು ಚಮಚ ಲಸ್ಸಿಗೆ ಹಾಕಿ, ನಲವತ್ತು ರೂಪಾಯಿ ಜಾಸ್ತಿ ಮಾಡಿ" ಎನ್ನುತ್ತಾರೆ.

ಈ 'ಸೈಡ್ ಇಫೆಕ್ಟ್ ಇಲ್ಲವೇ ಇಲ್ಲ' ಎಂಬ ಮಾತನ್ನು ಒರೆಗೆ ಹಚ್ಚಿ ನೋಡುವುದೇ ಈ ಲೇಖನದ ಉದ್ದೇಶ. ಗಿಡಮೂಲಿಕೆಯನ್ನು ಹಳಿಯಲು ಇದನ್ನು ಬರೆಯುತ್ತಿಲ್ಲ. ಶುಂಠಿ, ಮೆಣಸು, ಜೀರಿಗೆ, ಅರಿಶಿನಗಳನ್ನೇ ನಂಬಿ ಹೊಟ್ಟೆ ಹೊರೆದವರು ನಾವು.

ಒಂದು ಸೋರೆಕಾಯಿಯ ಕಥೆ

ಮೊದಲು ನನ್ನದೇ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ಹಲವು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ಅಡಿಗೆಮನೆಗೆ ಹೋದಾಗ ನಮ್ಮ ಹಿರಿಯ ಭಟ್ಟರು ಎರಡು ದೊಡ್ಡ ಸೋರೆಕಾಯಿಗಳನ್ನು ಕತ್ತರಿಸಿ ಕಸದ ಡಬ್ಬಿಗೆ ಹಾಕಿದ್ದು ಕಂಡಿತು. ನೋಡಲು ಎಳಸಾಗಿ, ಚೆನ್ನಾಗಿದ್ದ ಕಾಯಿಗಳು. ಕೇಳಿದ್ದಕ್ಕೆ "ಕಹಿ ಉಂಟು, ಬಿಸಾಡಿದೆ" ಎಂದರು. ಮಾರ್ಕೆಟ್ ಯಾರ್ಡ್‌ನಿಂದ ಬಾಡಿಗೆ ಕೊಟ್ಟು ತಂದ ಮಾಲು. ನನಗೆ ಸಿಟ್ಟು ಬಂತು. "ಹುಳಿ-ಬೆಲ್ಲ ಜಾಸ್ತಿ ಹಾಕಿ ಸಾಂಬಾರಿಗೆ ಸೇರಿಸಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು?" ಎಂದು ನಾಲ್ಕು ಜನರ ಎದುರಿಗೇ ಗದರಿದೆ. ಭಟ್ಟರು ಮಾತಾಡಲಿಲ್ಲ. ಮರುದಿನವೂ ಅವರು ಸೋರೆಕಾಯಿಯ ತುದಿ ಕೊಯ್ದು ನಾಲಗೆಗೆ ಮುಟ್ಟಿಸಿಯೇ ಹೆಚ್ಚಲು ಕೊಟ್ಟರು.

ಅವರು ಬಿಸಾಡಿದ್ದು ಏನನ್ನು ಎಂದು ನನಗೆ ಅರ್ಥವಾದದ್ದು 2018ರ ಜೂನ್‌ನಲ್ಲಿ. ಆ ತಿಂಗಳು ನಮ್ಮ ಪುಣೆಯಲ್ಲೇ 41 ವರ್ಷದ ಆರೋಗ್ಯವಂತ ಮಹಿಳೆಯೊಬ್ಬರು ಬೆಳಗಿನ ಓಟ ಮುಗಿಸಿ ಒಂದು ಲೋಟ ಸೋರೆಕಾಯಿ ರಸ ಕುಡಿದರು. ಸ್ವಲ್ಪ ಹೊತ್ತಿನಲ್ಲೇ ವಾಂತಿ-ಭೇದಿ ಶುರುವಾಯಿತು. ಆಸ್ಪತ್ರೆಗೆ ಸೇರಿಸಿದರೂ ಕೆಲವೇ ದಿನಗಳಲ್ಲಿ ತೀರಿಕೊಂಡರು. ಸುದ್ದಿ ಓದಿದ ದಿನ ನಾನು ಮೊದಲು ಹೋದದ್ದು ಅಡಿಗೆಮನೆಗೆ, ಭಟ್ಟರ ಬಳಿಗೆ.

ಸೋರೆ, ಸೌತೆ, ಪಡುವಲ, ಹೀರೆ, ಕುಂಬಳ ಇವೆಲ್ಲ ಒಂದೇ ಕುಟುಂಬದ ಬಳ್ಳಿಗಳು. ಹುಳು-ಪ್ರಾಣಿಗಳಿಂದ ತಮ್ಮನ್ನು ಕಾಪಾಡಿಕೊಳ್ಳಲು ಈ ಬಳ್ಳಿಗಳು 'ಕುಕುರ್ಬಿಟಾಸಿನ್' ಎಂಬ ಕಹಿ ವಸ್ತುವನ್ನು ತಯಾರಿಸುತ್ತವೆ. ನಾವು ಬೆಳೆದು ತಿನ್ನುವ ತಳಿಗಳಲ್ಲಿ ಇದು ಅತಿ ಕಡಿಮೆ. ಆದರೆ ಕಾಡು ತಳಿಯ ಬೆರಕೆಯಾದಾಗ ಅಥವಾ ಬಿಸಿಲು-ಬರಕ್ಕೆ ಬಳ್ಳಿ ಕಂಗೆಟ್ಟಾಗ ಒಂದೊಂದು ಕಾಯಿಯಲ್ಲಿ ಇದು ವಿಪರೀತ ಹೆಚ್ಚುತ್ತದೆ. ಕಾಯಿಯ ಬಣ್ಣ, ಗಾತ್ರ ನೋಡಿ ಇದನ್ನು ಗುರುತಿಸಲಾಗದು. ನಾಲಗೆಗೆ ಮಾತ್ರ ಗೊತ್ತಾಗುತ್ತದೆ.

ಇಂಥ ಸಾವುಗಳ ಬಗ್ಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ಒಂದು ತಜ್ಞರ ಸಮಿತಿ ನೇಮಿಸಿತ್ತು. ಅದರ ವರದಿ 2012ರಲ್ಲಿ ಮಂಡಳಿಯ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರ ಸಲಹೆಗಳು ಇಷ್ಟೇ: ರಸ ತೆಗೆಯುವ ಮೊದಲು ಒಂದು ಚೂರು ರುಚಿ ನೋಡಿ, ಕಹಿಯಿದ್ದರೆ ಇಡೀ ಕಾಯಿಯನ್ನು ಎಸೆಯಿರಿ, ಸೋರೆಕಾಯಿ ರಸಕ್ಕೆ ಬೇರೆ ಯಾವ ರಸವನ್ನೂ ಬೆರೆಸಬೇಡಿ, ಕುಡಿದ ಮೇಲೆ ವಾಕರಿಕೆ, ಹೊಟ್ಟೆನೋವು ಬಂದರೆ ಕೂಡಲೇ ಆಸ್ಪತ್ರೆಗೆ ಹೋಗಿ. ಇದಕ್ಕೆ ನಿರ್ದಿಷ್ಟ ಪ್ರತಿವಿಷ ಇಲ್ಲ.

ಮೂರನೆಯ ಸಲಹೆಯನ್ನು ಇನ್ನೊಮ್ಮೆ ಓದಿ. ಬೇರೆ ರಸ ಏಕೆ ಬೆರೆಸಬಾರದು? ಹಾಗಲಕಾಯಿ, ನೆಲ್ಲಿಕಾಯಿ, ಶುಂಠಿ ಬೆರೆತರೆ ಸೋರೆಕಾಯಿಯ ಕಹಿ ಅದರಲ್ಲಿ ಅಡಗಿಹೋಗುತ್ತದೆ. ಎಚ್ಚರಿಕೆಯ ಗಂಟೆಯ ಬಾಯಿಗೆ ಬಟ್ಟೆ ತುರುಕಿದ ಹಾಗೆ. ನಮ್ಮ ಊರಿನ 'ಮಿಕ್ಸ್ ಜ್ಯೂಸ್'ಗಳಲ್ಲಿ ನಡೆಯುವುದು ಇದೇ. ಅದರ ಮೇಲೆ 'ಕಹಿಯಿದ್ದರೇ ಮದ್ದು' ಎಂಬ ನಂಬಿಕೆ ಬೇರೆ. ಗಿರಾಕಿ ಮೂಗು ಹಿಡಿದು ಕುಡಿದುಬಿಡುತ್ತಾನೆ.

ಬೇಯಿಸಿದರೆ ಸರಿಹೋಗುತ್ತದೆ ಎಂಬ ನನ್ನ ಅಂದಿನ ವಾದವೂ ತಪ್ಪು. 2015ರಲ್ಲಿ ಜರ್ಮನಿಯಲ್ಲಿ ಮನೆಯಲ್ಲಿ ಬೆಳೆದ ಕಹಿ ಜುಕಿನಿಯನ್ನು ಬೇಯಿಸಿ ತಿಂದ 79 ವರ್ಷದ ವೃದ್ಧರೊಬ್ಬರು ಸತ್ತರು. ಜುಕಿನಿಯೂ ಇದೇ ಕುಟುಂಬದ್ದು.

ತಜ್ಞರು ಕೇಳುವ ಐದು ಪ್ರಶ್ನೆಗಳು

ಸೋರೆಕಾಯಿ ತರಕಾರಿಯಾಯಿತು. ಪುಡಿ, ಮಾತ್ರೆ, ಕ್ಯಾಪ್ಸೂಲ್, ಸಿರಪ್‌ಗಳಾಗಿ ಬರುವ ಸಸ್ಯಜನ್ಯ ಆಹಾರ ಪೂರಕಗಳ ಸುರಕ್ಷತೆಯನ್ನು ಅಳೆಯುವುದು ಹೇಗೆ? ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು 2009ರಲ್ಲಿ ಇದಕ್ಕಾಗಿ ಒಂದು ಮಾರ್ಗದರ್ಶಿ ಹೊರಡಿಸಿತು. ಮೊದಲು ಆ ಸಸ್ಯದ ಬಗ್ಗೆ ಈಗಾಗಲೇ ಗೊತ್ತಿರುವುದನ್ನೆಲ್ಲ ಕಲೆಹಾಕಬೇಕು. ಬಹುಕಾಲದಿಂದ ಅದೇ ರೂಪದಲ್ಲಿ, ಅದೇ ಪ್ರಮಾಣದಲ್ಲಿ ತಿಂದ ಇತಿಹಾಸವಿದ್ದರೆ ಅದಕ್ಕೆ ಬೆಲೆ ಕೊಡಬೇಕು. ಅದು ಸಾಲದಿದ್ದರೆ ಮಾತ್ರ ಹೊಸ ಪರೀಕ್ಷೆ ನಡೆಸಬೇಕು ಎಂಬುದು ಅದರ ಕ್ರಮ. ನಮ್ಮ ಕೌಂಟರಿಗೆ ಹೊಂದುವಂತೆ ಅದನ್ನು ಐದು ಪ್ರಶ್ನೆಗಳಾಗಿ ಹೇಳಬಹುದು.

ಒಂದು: ಇದು ನಿಜಕ್ಕೂ ಯಾವ ಗಿಡ, ಗಿಡದ ಯಾವ ಭಾಗ?

ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ 1990ರ ದಶಕದ ಆರಂಭದಲ್ಲಿ ತೂಕ ಇಳಿಸುವ ಮಾತ್ರೆಗೆ ಚೀನಾದ ಒಂದು ಬೇರಿನ ಬದಲು ಹೆಸರಿನಲ್ಲಿ ಅದನ್ನೇ ಹೋಲುವ ಅರಿಸ್ಟೊಲೋಕಿಯಾ ಜಾತಿಯ ಬೇರು ಸೇರಿತು. ನೂರಕ್ಕೂ ಹೆಚ್ಚು ಮಂದಿಯ ಮೂತ್ರಪಿಂಡ ಹಾಳಾಯಿತು. ಅಮೆರಿಕದಲ್ಲಿ 2003ರಲ್ಲಿ ಚಕ್ರಮೊಗ್ಗಿನ ಕಷಾಯ ಕುಡಿಸಿದ ಮಕ್ಕಳು ಅಸ್ವಸ್ಥರಾದಾಗ ಸರ್ಕಾರ ಎಚ್ಚರಿಕೆ ಕೊಟ್ಟಿತು. ನಮ್ಮ ಬಿರಿಯಾನಿಗೆ ಹಾಕುವ ಚೀನೀ ಚಕ್ರಮೊಗ್ಗಿನಂತೆಯೇ ಕಾಣುವ ಜಪಾನೀ ಚಕ್ರಮೊಗ್ಗು ವಿಷಕಾರಿ, ಒಣಗಿದ ಮೇಲೆ ಎರಡನ್ನೂ ಕಣ್ಣಿನಿಂದ ಬೇರ್ಪಡಿಸುವುದು ಬಹಳ ಕಷ್ಟ.

ನಮ್ಮ ಹತ್ತಿರದ ಉದಾಹರಣೆ ಅಮೃತಬಳ್ಳಿಯದು; ಇಲ್ಲಿನವರು ಗುಳವೇಲ್ ಎನ್ನುವುದು ಇದಕ್ಕೇ. 2020ರ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಮುಂಬಯಿಯ ವೈದ್ಯರು ಯಕೃತ್ತಿಗೆ ಪೆಟ್ಟಾದ ಆರು ರೋಗಿಗಳನ್ನು ನೋಡಿದರು. ಆರೂ ಮಂದಿ ಅಮೃತಬಳ್ಳಿ ಸೇವಿಸಿದ್ದರು. ವರದಿ 2021ರಲ್ಲಿ ಬಂತು. ಮರುವರ್ಷ ದೇಶದ ಹಲವು ಆಸ್ಪತ್ರೆಗಳ 43 ರೋಗಿಗಳ ವರದಿಯೂ ಬಂತು. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ. ಅಮೃತಬಳ್ಳಿ ಸುರಕ್ಷಿತ, ಅದನ್ನೇ ಹೋಲುವ ಇನ್ನೊಂದು ಜಾತಿಯ ಬಳ್ಳಿಯೊಂದಿಗೆ ಗೊಂದಲ ಮಾಡಿಕೊಳ್ಳಬಾರದು ಎಂದಿತು. ವೈದ್ಯರೋ, ದೇಹದ ರೋಗನಿರೋಧಕ ಶಕ್ತಿಯೇ ಯಕೃತ್ತಿನ ಮೇಲೆ ತಿರುಗಿ ಬೀಳುವ ಸ್ವಭಾವದವರಿಗೆ ಅಸಲಿ ಬಳ್ಳಿಯಿಂದಲೂ ಅಪಾಯವಿದೆ ಎಂದರು. ಈ ವಾದದಲ್ಲಿ ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ಬಳ್ಳಿ ಬೇರೆಯಾಗಿದ್ದರೂ ಕುಡಿಯುವ ವ್ಯಕ್ತಿ ಬೇರೆಯಾಗಿದ್ದರೂ ಕೌಂಟರಿನಲ್ಲಿ ನಿಂತ ನಮಗೆ ಅದು ಗೊತ್ತಾಗುವುದಿಲ್ಲ ಎಂಬುದು ಮುಖ್ಯ.

ಭಾಗದ ಪ್ರಶ್ನೆಯೂ ಹೀಗೆಯೇ. ಅಶ್ವಗಂಧ, ಅಂದರೆ ನಮ್ಮ ಹಿರೇಮದ್ದಿನ ಗಿಡದಲ್ಲಿ ಪರಂಪರೆಯಿಂದ ಬಳಕೆಯಲ್ಲಿರುವುದು ಬೇರು. ಅಗ್ಗವೆಂದು ಎಲೆ ಬೆರೆಸುವುದು ಶುರುವಾದಾಗ 2021ರಲ್ಲಿ ಆಯುಷ್ ಸಚಿವಾಲಯವೇ ಎಲೆ ಬಳಸಬೇಡಿ ಎಂದು ತಯಾರಕರಿಗೆ ಸೂಚಿಸಿತು. ಡೆನ್ಮಾರ್ಕ್ ದೇಶ 2023ರಲ್ಲಿ ಅಶ್ವಗಂಧವನ್ನೇ ನಿಷೇಧಿಸಿತು.

ಎರಡು: ಯಾವ ರೂಪದಲ್ಲಿದೆ?

ಎಲೆಯ ಕಷಾಯ ಬೇರೆ, ಅದರ ಸತ್ವವನ್ನು ಹಿಂಡಿ ಒಣಗಿಸಿದ ಸಾರ ಬೇರೆ. ಗ್ರೀನ್ ಟೀಯನ್ನೇ ನೋಡಿ. ಯುರೋಪಿನ ಪ್ರಾಧಿಕಾರ 2018ರಲ್ಲಿ ಹೇಳಿದ ಪ್ರಕಾರ, ಕಪ್‌ನಲ್ಲಿ ಕುಡಿಯುವವರ ದೇಹಕ್ಕೆ ಸಾಮಾನ್ಯವಾಗಿ ದಿನಕ್ಕೆ 90ರಿಂದ 300 ಮಿಲಿಗ್ರಾಂ ಇಜಿಸಿಜಿ ಎಂಬ ಅಂಶ ಹೋಗುತ್ತದೆ, ಅದು ಸುರಕ್ಷಿತ. ಅದೇ ಅಂಶವನ್ನು ಪೂರಕದ ರೂಪದಲ್ಲಿ ದಿನಕ್ಕೆ 800 ಮಿಲಿಗ್ರಾಂ ಮತ್ತು ಅದಕ್ಕೂ ಹೆಚ್ಚು ತೆಗೆದುಕೊಂಡವರ ರಕ್ತದಲ್ಲಿ ಯಕೃತ್ತಿಗೆ ಪೆಟ್ಟಾಗುತ್ತಿರುವ ಲಕ್ಷಣ ಕಂಡಿತು. 2022ರಲ್ಲಿ ಅಲ್ಲಿ ಅದಕ್ಕೆ ಮಿತಿ ಹಾಕಿದರು.

ಮೂರು: ಎಷ್ಟು, ಯಾವುದರ ಜೊತೆಗೆ?

ಇದಕ್ಕೆ ನಮ್ಮ ಬೆಂಗಳೂರಿನದೇ ಸಾಕ್ಷಿ ಇದೆ. ಅರಿಶಿನದ ಕರ್ಕ್ಯುಮಿನ್ ಅಂಶ ತಿಂದರೂ ದೇಹ ಅದನ್ನು ಹೀರಿಕೊಳ್ಳುವುದು ಅತ್ಯಲ್ಪ. 1998ರಲ್ಲಿ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನ ಸಂಶೋಧಕರು 2 ಗ್ರಾಂ ಕರ್ಕ್ಯುಮಿನ್ ಜೊತೆಗೆ ಕರಿಮೆಣಸಿನ 20 ಮಿಲಿಗ್ರಾಂ ಪೈಪರಿನ್ ಕೊಟ್ಟು ನೋಡಿದರು. ರಕ್ತಕ್ಕೆ ಸೇರಿದ ಪ್ರಮಾಣ ಶೇಕಡ 2000ದಷ್ಟು ಏರಿತು. ಜಗತ್ತಿನ ಪೂರಕ ಕಂಪನಿಗಳು ಅರಿಶಿನದ ಕ್ಯಾಪ್ಸೂಲಿಗೆ ಮೆಣಸಿನ ಸಾರ ಸೇರಿಸಲು ಇದು ದಾರಿಯಾಯಿತು. 2019ರಲ್ಲಿ ಇಟಲಿಯಲ್ಲಿ ಅರಿಶಿನದ ಪೂರಕ ಸೇವಿಸಿದವರಲ್ಲಿ ಯಕೃತ್ತಿನ ಉರಿಯೂತದ ಹಲವು ಪ್ರಕರಣಗಳು ವರದಿಯಾದವು. 2022ರಲ್ಲಿ ಅಲ್ಲಿನ ಸರ್ಕಾರ ಡಬ್ಬಿಗಳ ಮೇಲೆ ಎಚ್ಚರಿಕೆ ಮುದ್ರಿಸುವುದನ್ನು ಕಡ್ಡಾಯ ಮಾಡಿತು. ಹಾಗೆಂದು ನಮ್ಮ ಮೆಣಸಿನ ಸಾರಿಗೆ ಅರಿಶಿನ ಹಾಕಲು ಅಂಜಬೇಕಾಗಿಲ್ಲ. ಚಿಟಿಕೆ ಅರಿಶಿನಕ್ಕೂ ಗ್ರಾಂಗಟ್ಟಲೆ ಸಾರಕ್ಕೂ ಅಜಗಜಾಂತರ. ಅತಿಯಾದರೆ ಅಮೃತವೂ ವಿಷ ಎಂದು ಹಿರಿಯರು ಹೇಳಿದ್ದು ಸುಮ್ಮನಲ್ಲ.

ನಾಲ್ಕು: ಇದರಲ್ಲಿ ಬೇರೇನು ಸೇರಿದೆ?

ಮಣ್ಣಿನಿಂದ ಬರುವ ಸೀಸ, ಪಾದರಸ, ಕೀಟನಾಶಕ, ಬೂಷ್ಟಿನ ವಿಷ ಇವೆಲ್ಲ ಪುಡಿಯಲ್ಲಿ ಕಣ್ಣಿಗೆ ಕಾಣುವುದಿಲ್ಲ. 2004ರಲ್ಲಿ ಅಮೆರಿಕದ ಬಾಸ್ಟನ್ ಸುತ್ತಮುತ್ತ ಮಾರಾಟಕ್ಕಿದ್ದ 70 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು.

ಐದು: ಯಾರು ಸೇವಿಸುತ್ತಾರೆ?

ಜ್ಯೇಷ್ಠಮಧುವನ್ನು ದಿನವೂ ಹೆಚ್ಚಾಗಿ ಸೇವಿಸಿದರೆ ರಕ್ತದೊತ್ತಡ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿದವರು ಹಾಗಲಕಾಯಿಯ ಸಾರವನ್ನೂ ಸೇವಿಸಿದರೆ ಸಕ್ಕರೆ ಮಿತಿಮೀರಿ ಇಳಿಯಬಹುದು. ಗರ್ಭಿಣಿಯರ ವಿಷಯವಂತೂ ಹೇಳಬೇಕಾಗಿಲ್ಲ. ವೈದ್ಯರು ಕೊಡುವಾಗ ಇದನ್ನೆಲ್ಲ ಕೇಳಿ ಕೊಡುತ್ತಾರೆ. ನಮ್ಮ ಮಾಣಿ ಕೇಳುವುದು "ಸಕ್ಕರೆ ಜಾಸ್ತಿಯೋ ಕಡಿಮೆಯೋ" ಎಂದು ಮಾತ್ರ.

ಕಾನೂನು ಏನು ಹೇಳುತ್ತದೆ?

2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಡಿ ಆರೋಗ್ಯ ಪೂರಕಗಳಿಗೆಂದೇ 2016ರಲ್ಲಿ ಪ್ರತ್ಯೇಕ ನಿಯಮಾವಳಿ ಬಂತು. 2018ರ ಜನವರಿ 1ರಿಂದ ಜಾರಿಯಾಯಿತು. ಅದರ ನಾಲ್ಕನೆಯ ಅನುಸೂಚಿಯಲ್ಲಿ ಬಳಸಬಹುದಾದ ಸಸ್ಯಗಳ ಪಟ್ಟಿ ಇದೆ. ಪ್ರತಿ ಸಸ್ಯದ ಮುಂದೆ ಅದರ ಸಸ್ಯಶಾಸ್ತ್ರೀಯ ಹೆಸರು, ಬಳಸಬೇಕಾದ ಭಾಗ, ವಯಸ್ಕರಿಗೆ ದಿನಕ್ಕೆ ಎಷ್ಟು ಎಂಬ ವಿವರ ಕೊಟ್ಟಿದ್ದಾರೆ. ಮೇಲಿನ ಮೊದಲ ಮತ್ತು ಮೂರನೆಯ ಪ್ರಶ್ನೆಗಳಿಗೆ ಇದು ಸರ್ಕಾರ ಕೊಟ್ಟ ಉತ್ತರ ಎನ್ನಬಹುದು. ಡಬ್ಬಿಯ ಮೇಲೆ 'ಔಷಧಿಯಾಗಿ ಬಳಸುವುದಕ್ಕಲ್ಲ' ಎಂಬ ಮಾತೂ ಇರಬೇಕು.

ಇದೇ ನಿಯಮಾವಳಿಯಲ್ಲಿ ನಮಗೆ ನೇರವಾಗಿ ತಟ್ಟುವ ಮಾತೊಂದಿದೆ. ಹಾಗಲಕಾಯಿಯಂಥ ತರಕಾರಿ, ರಾಗಿಯಂಥ ಧಾನ್ಯ, ನೆಲ್ಲಿ-ನೇರಳೆಯಂಥ ಹಣ್ಣುಗಳನ್ನು ರಸ ಮಾಡಿ ಅಥವಾ ಬೇಯಿಸಿ ಕೊಟ್ಟ ಮಾತ್ರಕ್ಕೆ ಅವು ಆರೋಗ್ಯ ಪೂರಕ ಆಗುವುದಿಲ್ಲ. ಅಂದರೆ ರಾಗಿ ಅಂಬಲಿ, ನೆಲ್ಲಿಕಾಯಿ ರಸ ಮಾರಲು ಅಡ್ಡಿಯಿಲ್ಲ. ಆದರೆ ಅವನ್ನು ಆಹಾರವೆಂದೇ ಮಾರಬೇಕು. ಬೋರ್ಡಿನ ಮೇಲೆ 'ಶುಗರ್ ಕಂಟ್ರೋಲ್', 'ಬಿಪಿ ಕ್ಯೂರ್' ಎಂದು ಬರೆದರೆ ಅಲ್ಲಿಂದ ತೊಂದರೆ ಶುರು. ತಪ್ಪು ದಾರಿಗೆಳೆಯುವ ಜಾಹೀರಾತಿಗೆ ಕಾಯ್ದೆಯ 53ನೆಯ ಕಲಮಿನಲ್ಲಿ 10 ಲಕ್ಷ ರೂಪಾಯಿವರೆಗೆ ದಂಡವಿದೆ. ಅಸುರಕ್ಷಿತ ಆಹಾರದಿಂದ ಸಾವು ಸಂಭವಿಸಿದರೆ 59ನೆಯ ಕಲಮಿನ ಪ್ರಕಾರ ಕನಿಷ್ಠ 7 ವರ್ಷ ಸೆರೆವಾಸ, 10 ಲಕ್ಷಕ್ಕೆ ಕಡಿಮೆಯಿಲ್ಲದ ದಂಡ. ಜೊತೆಗೆ 65ನೆಯ ಕಲಮಿನ ಪ್ರಕಾರ ಮೃತರ ಕುಟುಂಬಕ್ಕೆ 5 ಲಕ್ಷಕ್ಕೆ ಕಡಿಮೆಯಿಲ್ಲದ ಪರಿಹಾರ. ಒಂದು ಸೋರೆಕಾಯಿಯ ಬೆಲೆ ಎಷ್ಟು ಎಂದು ಈಗ ಲೆಕ್ಕ ಹಾಕಿ.

ನಾವು ಮಾಡಬೇಕಾದದ್ದು

1. ಸೋರೆ, ಸೌತೆ, ಹೀರೆ, ಪಡುವಲ ಯಾವುದೇ ಇರಲಿ, ಪ್ರತಿಯೊಂದು ಕಾಯಿಯ ಚೂರನ್ನೂ ರುಚಿ ನೋಡಿಯೇ ಹೆಚ್ಚಬೇಕು. ಹತ್ತರಲ್ಲಿ ಒಂದನ್ನು ನೋಡಿದರೆ ಸಾಲದು. ರುಚಿ ನೋಡಿದವರು ಕಹಿಯಿದ್ದರೆ ಉಗುಳಿ ಬಾಯಿ ತೊಳೆಯಲಿ, ಕಾಯಿಯನ್ನು ಎಸೆಯಲಿ. ಎಸೆದವರನ್ನು ಗದರಬೇಡಿ.

2. ಸೋರೆಕಾಯಿ ರಸವನ್ನು ಮೆನುವಿನಿಂದ ತೆಗೆಯುವುದೇ ಉತ್ತಮ. ಇಡುವುದೇ ಆದರೆ ಬೇರೆ ರಸದೊಂದಿಗೆ ಬೆರೆಸಬೇಡಿ.

3. ಪೂರಕಗಳ ಪುಡಿ, ಸಾರಗಳನ್ನು ಹಾಲು, ಲಸ್ಸಿ, ಜ್ಯೂಸುಗಳಿಗೆ ಬೆರೆಸಿ ಮಾರಬೇಡಿ. ನಮ್ಮ ಲೈಸನ್ಸ್ ಇರುವುದು ಊಟ-ತಿಂಡಿ ತಯಾರಿಸಿ ಬಡಿಸುವುದಕ್ಕೆ. ಗಿರಾಕಿ ತನ್ನದೇ ಡಬ್ಬಿ ತಂದು ಬೆರೆಸಿಕೊಂಡರೆ ಅದು ಅವರ ಇಚ್ಛೆ.

4. ಕೌಂಟರಿನಲ್ಲಿ ಮಾರಲು ಸೀಲ್ ಆದ ಡಬ್ಬಿ ಇಡುವುದಾದರೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ, ಬ್ಯಾಚ್ ನಂಬರ್, ಸಸ್ಯದ ಹೆಸರು, ಯಾವ ಭಾಗ, ದಿನಕ್ಕೆ ಎಷ್ಟು ಇವೆಲ್ಲ ಇವೆಯೇ ನೋಡಿ. ಬಿಲ್ ಇಲ್ಲದ ಮಾಲು ಮುಟ್ಟಬೇಡಿ.

5. ಚಕ್ರಮೊಗ್ಗು, ಚಕ್ಕೆ ಮುಂತಾದವನ್ನು ಗುರುತಿನ ವ್ಯಾಪಾರಿಯಿಂದಲೇ ಕೊಳ್ಳಿ. ಕ್ಯಾಸಿಯಾ ಮತ್ತು ದಾಲ್ಚಿನ್ನಿ ಬೇರೆ ಬೇರೆ. ಕ್ಯಾಸಿಯಾದಲ್ಲಿ ಯಕೃತ್ತಿಗೆ ಆಗದ ಕೌಮರಿನ್ ಹೆಚ್ಚು. ಮಸಾಲೆಯ ಪ್ರಮಾಣಕ್ಕೆ ಚಿಂತೆಯಿಲ್ಲ, ದಿನವೂ ಚಮಚಗಟ್ಟಲೆ ಪುಡಿ ನುಂಗುವವರಿಗೆ ಚಿಂತೆಯಿದೆ.

6. ಮೂಲಿಕೆಯ ಗುರುತಿನ ಬಗ್ಗೆ ಸಂಶಯವಿದ್ದರೆ ಊರಿನಲ್ಲೇ ಬಲ್ಲವರಿದ್ದಾರೆ. 1946ರಲ್ಲಿ ಆರಂಭವಾದ ಆಘಾರ್ಕರ್ ಸಂಶೋಧನಾ ಸಂಸ್ಥೆ ನಮ್ಮ ಹತ್ತಿರದ ಆಗರ್ಕರ್ ರಸ್ತೆಯಲ್ಲಿದೆ. ಭಾರತೀಯ ಸಸ್ಯ ಸರ್ವೇಕ್ಷಣೆಯ ಪಶ್ಚಿಮ ಕೇಂದ್ರ ಕೋರೆಗಾಂವ್ ರಸ್ತೆಯಲ್ಲಿದೆ. ಎರಡರಲ್ಲೂ ಒಣಗಿಸಿಟ್ಟ ಸಸ್ಯಗಳ ದೊಡ್ಡ ಸಂಗ್ರಹವಿದೆ.

7. ಕುಡಿದ ಗಿರಾಕಿಗೆ ವಾಂತಿ, ಹೊಟ್ಟೆನೋವು ಬಂದರೆ ನಿಂಬೆ ಸೋಡಾ ಕೊಟ್ಟು ಕೂರಿಸಬೇಡಿ. ಕೂಡಲೇ ಆಸ್ಪತ್ರೆಗೆ ಕಳಿಸಿ, ಏನು ಕುಡಿದರೆಂದು ವೈದ್ಯರಿಗೆ ತಿಳಿಸಿ, ಉಳಿದ ರಸವನ್ನು ಎಸೆಯದೆ ಇಟ್ಟುಕೊಳ್ಳಿ.

8. ಪ್ರತಿ 25 ಕೆಲಸಗಾರರಿಗೆ ಒಬ್ಬ ತರಬೇತಾದ ಮೇಲ್ವಿಚಾರಕ ಇರಬೇಕೆಂಬ ಫಾಸ್ಟ್ಯಾಕ್ ತರಬೇತಿಗೆ ಜನ ಕಳಿಸುವಾಗ ಮ್ಯಾನೇಜರನ್ನು ಮಾತ್ರ ಕಳಿಸಬೇಡಿ. ತರಕಾರಿ ಹೆಚ್ಚುವವರನ್ನೂ ಕಳಿಸಿ.

ಹೋಟೆಲ್ ಬಂಧುಗಳೇ, ದಕ್ಷಿಣ ಕನ್ನಡ, ಉಡುಪಿಗಳಿಂದ ಬಂದ ನಮ್ಮವರು ಪುಣೆಯಲ್ಲಿ ಹೆಸರು ಗಳಿಸಿದ್ದು ಶುಚಿ-ರುಚಿಯಿಂದ. 'ಅಣ್ಣನ ಹೋಟೆಲಿನಲ್ಲಿ ತಿಂದರೆ ಹೊಟ್ಟೆ ಕೆಡುವುದಿಲ್ಲ' ಎಂದು ಇಲ್ಲಿನ ತಾಯಂದಿರು ಮಕ್ಕಳನ್ನು ನಮ್ಮಲ್ಲಿಗೆ ಕಳಿಸುತ್ತಾರೆ. ಆ ನಂಬಿಕೆಗೆ ಎರಡು ತಲೆಮಾರು ಬೇಕಾಯಿತು. ಹೋಗುವುದಕ್ಕೆ ಒಂದು ಲೋಟ ಸಾಕು.

ಅಂದು ಭಟ್ಟರ ಬಳಿಗೆ ಹೋಗಿ ನಾನು ಪತ್ರಿಕೆ ತೋರಿಸಿ ತಪ್ಪಾಯಿತೆಂದೆ. ಅವರು ಓದಿ, ಮಡಚಿ ಕೊಟ್ಟು, "ನಮ್ಮ ಅಮ್ಮ ಹಾಗೇ ಮಾಡುತ್ತಿದ್ದರು, ನಾನೂ ಮಾಡಿದೆ" ಎಂದಷ್ಟೇ ಹೇಳಿದರು. ಈಗ ಅವರು ಊರಿಗೆ ಹೋಗಿ ನೆಲೆಸಿದ್ದಾರೆ. ನಮ್ಮಲ್ಲಿ ಹೆಚ್ಚುವ ಕಟ್ಟೆಯ ಮೇಲಿನ ಗೋಡೆಗೆ ಒಂದು ಚೀಟಿ ಅಂಟಿಸಿದ್ದೇವೆ, ಕನ್ನಡ, ಮರಾಠಿ, ಹಿಂದಿ ಮೂರರಲ್ಲೂ: ಮೊದಲು ರುಚಿ ನೋಡಿ, ಆಮೇಲೆ ಹೆಚ್ಚಿ. ಇದನ್ನು ಓದಿದ ಸದಸ್ಯರು ನಾಳೆ ಬೆಳಿಗ್ಗೆ ತಮ್ಮ ಅಡಿಗೆಮನೆಯಲ್ಲೂ ಅಂಥದೊಂದು ಚೀಟಿ ಅಂಟಿಸಬೇಕೆಂದು ನನ್ನ ವಿನಂತಿ.